ತಾನಾಗಿಯೇ ಜಾರಿದ ದಂಡೆಯವರಿಗೆ

ನಮ್ಮೂರ ದಿನ್ನೆಯನ್ನು ಸೀಳಿ ಹೋಗುವ ಕಾಲುವೆಗೆ ಎಡದಂಡೆಯಾಗಿ ವಿರಾಜಮಾನರಾಗಿದ್ದು, ಹೋದ ಹಿಂಗಾರಿನಲ್ಲಿ ಯಾರ ಅಪ್ಪಣೆಗೂ ಕಾಯದೆ ಕಾಲುವೆಯೊಳಗೆ ಇಳಿದುಬಂದ ಮಾನ್ಯರೇ,

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ಬಂದರೆ ಸಿಗುವ ನಮ್ಮೂರ ಶಾಲೆಯಲ್ಲಿ ವಿಜ್ಞಾನ ಕಲಿಸುವ ಸೂಗಮ್ಮನೆಂಬ ನಾನು ತಮಗೆ ಎರಡೂ ಕೈ ಮುಗಿದು, ತಮ್ಮ ಮಣ್ಣು ಈಗ ಆರೋಗ್ಯವಾಗಿದೆಯೆಂದು ಭಾವಿಸಿ ಬರೆಯುತ್ತಿದ್ದೇನೆ. ಈ ದೂರನ್ನು ಮೊದಲು ಕಾಲುವೆ ಸಾಹೇಬರಿಗೇ ಕೊಟ್ಟಿದ್ದೆ. ಆದರೆ ಅವರು ವಿಚಾರಣೆ ನಡೆಸಿ, ದಂಡೆಯು ತಾನಾಗಿಯೇ ಜಾರಿದೆ, ಇದರಲ್ಲಿ ಇಲಾಖೆಯ ಯಾರ ಕೈವಾಡವೂ ಇಲ್ಲ ಎಂದು ತೀರ್ಮಾನಿಸಿರುವುದರಿಂದ, ಅಪರಾಧಿಗಳಾದ ತಮ್ಮನ್ನೇ ನೇರವಾಗಿ ಕಾಣುವುದು ನ್ಯಾಯವೆನಿಸಿತು.

ತಾವು ಹುಟ್ಟಿದ್ದು ನಮ್ಮ ಕಣ್ಣೆದುರಿಗೇ. ಕಾಲುವೆ ಬರುವ ಮೊದಲು ಅಲ್ಲಿ ಕುರಿಗಳು ಮೇಯುತ್ತ ಇಳಿಯುವಂಥ ಸಾಧಾರಣ ಇಳಿಜಾರಿತ್ತು. ಗುತ್ತೇದಾರರು ಅದನ್ನು ಆಳವಾಗಿ ಕಡಿದರು. ಓರೆಯಾಗಿ ಕಡಿದರೆ ಜಾಗ ಹೆಚ್ಚು ಹೋಗುತ್ತದೆ, ಕೆಲಸವೂ ಹೆಚ್ಚಾಗುತ್ತದೆ ಎಂದು ತಮ್ಮನ್ನು ಮನೆಯ ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು, ಅಗೆದ ಮಣ್ಣನ್ನು ದೂರ ಸಾಗಿಸುವ ತ್ರಾಸವೇಕೆಂದು ತಮ್ಮ ತಲೆಯ ಮೇಲೆಯೇ ಗುಡ್ಡೆ ಹಾಕಿದರು, ಉದ್ಘಾಟನೆಯ ದಿನ ಫೋಟೋದಲ್ಲಿ ಚೆನ್ನಾಗಿ ಕಾಣಬೇಕೆಂದು ತಮ್ಮ ಮಣ್ಣನ್ನು ಬೇರಿನಿಂದ ಹಿಡಿದುಕೊಂಡಿದ್ದ ಜಾಲಿಯನ್ನೂ ಹುಲ್ಲನ್ನೂ ಕಿತ್ತು ಹಾಕಿದರು. ಆಮೇಲೆ ದಿನ್ನೆಯ ಮೇಲಿನ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ಅಲ್ಲಿ ನಿಂತ ನೀರು ಒಳಗೊಳಗೇ ತಮ್ಮ ಹೊಟ್ಟೆಗೆ ಇಳಿಯತೊಡಗಿತು. ಒದ್ದೆಯಾದರೆ ಬೆಣ್ಣೆಯಾಗುವ ಎರೆಮಣ್ಣಿನವರಾಗಿಯೂ ತಾವು ಇಷ್ಟೆಲ್ಲವನ್ನು ತುಟಿ ಪಿಟಕ್ಕೆನ್ನದೆ ಹೊತ್ತು ನಿಂತಿದ್ದನ್ನು ನೆನೆದರೆ, ನಮ್ಮೂರ ಯಾವ ಸೊಸೆಗೂ ಇಂಥ ತಾಳ್ಮೆ ಇಲ್ಲವೆಂದು ಒಪ್ಪಲೇಬೇಕು.

ತಾವು ಮಾತನಾಡಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ತಮ್ಮ ನೆತ್ತಿಯ ಮೇಲೆ, ಮಣ್ಣಿನ ಗುಡ್ಡೆಯ ಪಕ್ಕದಲ್ಲಿ, ಕೂಲಿ ಮಾಡುವ ತಾಯಪ್ಪ ಮತ್ತು ಅವನ ಹೆಂಡತಿ ತಿಮ್ಮವ್ವನ ಮನೆಯಿತ್ತಲ್ಲ, ಆ ತಿಮ್ಮವ್ವನಿಗೆ ತಾವು ಮೊದಲೇ ಹೇಳಿದ್ದಿರಿ. ಒಂದು ದಿನ ಅವಳು ಶಾಲೆಗೆ ಬಂದು, "ಟೀಚರಮ್ಮ, ನಮ್ಮ ಆಡಿನ ಗೂಟ ಗ್ವಾಡಿ ಹತ್ರನ ಬಡದಿದ್ದೆರಿ. ನಾ ಕಿತ್ತಿಲ್ಲ, ಯಾರೂ ಕಿತ್ತಿಲ್ಲ, ಕಾಲುವಿ ಕಡಿ ಸರದದ. ನೀವ ಬಂದು ನೋಡ್ರಿ" ಎಂದಳು. ಹೋಗಿ ನೋಡಿದರೆ ಗೋಡೆಗೂ ಗೂಟಕ್ಕೂ ನಡುವೆ, ಕಾಲುವೆಗೆ ಸಮಾನಾಂತರವಾಗಿ, ತುದಿಯಿಂದ ತುದಿಗೆ ಬಿರುಕು ಬಿಟ್ಟಿತ್ತು. ಕೆಳಗೆ ತಮ್ಮ ಬುಡದಲ್ಲಿ ಕೆಸರುನೀರು ಜಿನುಗುತ್ತಿತ್ತು.

ನಾವಿಬ್ಬರೂ ಕಾಲುವೆ ಇಲಾಖೆಯ ಕ್ಯಾಂಪಿಗೆ ಹೋಗಿ ಸಾಹೇಬರನ್ನು ಕಂಡೆವು. ಅವರು ನಮ್ಮನ್ನು ಬಹಳ ಗೌರವದಿಂದ ನಿಲ್ಲಿಸಿಯೇ ಮಾತನಾಡಿಸಿದರು. "ಎರಿ ಭೂಮಿ ಬಿರಿಯೂದು ಹೊಸಾದೇನಲ್ಲ ಟೀಚರ್. ಬ್ಯಾಸಗ್ಯಾಗ ನಿಮ್ಮ ಹೊಲಾನೂ ಬಿರೀತದ" ಎಂದರು. ಬೇಸಿಗೆಯ ಬಿರುಕು ಒಣಗಿ ಆಗುವುದು, ಇದು ನೆನೆದು ಆಗಿರುವುದು, ನೆತ್ತಿಯ ಮೇಲಿನ ಮಣ್ಣಿನ ಗುಡ್ಡೆಯನ್ನಾದರೂ ತೆಗೆಸಿರಿ ಎಂದು ಬೇಡಿಕೊಂಡೆ. ಸಾಹೇಬರು ಕರುಣಾಳುಗಳು. ಮರುವಾರವೇ ಆಳುಗಳನ್ನು ಕಳಿಸಿ, ಅದೇ ಗುಡ್ಡೆಯ ಮಣ್ಣಿನಿಂದ ಬಿರುಕನ್ನು ತುಂಬಿಸಿ, ಮೇಲೆ ಸುಣ್ಣ ಎರಚಿಸಿ, ರೋಗ ವಾಸಿಯಾಯಿತೆಂದು ಹೇಳಿಕಳಿಸಿದರು.

ಅಷ್ಟರಲ್ಲಿ ಮೇಲಿನ ಅಧಿಕಾರಿಯೊಬ್ಬರು ಕಾಲುವೆಯ ತಳದ ಕಲ್ಲುಹಾಸನ್ನು ನೋಡಬಯಸಿದರು. ತುಂಬಿ ಹರಿಯುತ್ತಿದ್ದ ನೀರನ್ನು ಮೆಲ್ಲಗೆ ಇಳಿಸಬೇಕೆಂದು ನಾನು ಮತ್ತೊಮ್ಮೆ ಹೋಗಿ ಹೇಳಿದೆ. ಕಾಲುವೆಯ ನೀರು ತಮ್ಮ ಎದೆಗೆ ಆನಿಸಿ ನಿಂತ ಕೈಯಂತಿತ್ತು, ಒಳಗೆ ತಾವು ತೊಯ್ದು ಭಾರವಾಗಿರುವಾಗ ಆ ಕೈಯನ್ನು ಒಮ್ಮೆಲೇ ತೆಗೆದರೆ ತಾವು ಮುಗ್ಗರಿಸುವಿರಿ ಎಂಬುದು ನನ್ನ ಅಂಜಿಕೆಯಾಗಿತ್ತು. "ನೀರ ಬಿಟ್ರೂ ತಕರಾರು, ಬಂದ್ ಮಾಡಿದ್ರೂ ತಕರಾರು" ಎಂದ ಸಾಹೇಬರು ಗೇಟು ಇಳಿಸಿಬಿಟ್ಟರು. ಬೆಳಗಾಗುವಷ್ಟರಲ್ಲಿ ಕಾಲುವೆ ಬರಿದಾಗಿ, ತಳದ ಗುಂಡಿಗಳಲ್ಲಿ ಮೀನುಗಳು ಪಟಪಟನೆ ಒದ್ದಾಡುತ್ತಿದ್ದವು.

ಮೀನೆಂದರೆ ನಮ್ಮೂರಲ್ಲಿ ಯಾರು ಮನೆಯಲ್ಲಿ ಕೂಡುತ್ತಾರೆ? ಬುಟ್ಟಿ, ಸೀರೆಯ ಸೆರಗು, ಸೊಳ್ಳೆಪರದೆ ಹಿಡಿದು ಓಣಿಗೆ ಓಣಿಯೇ ಕಾಲುವೆಗೆ ಇಳಿಯಿತು. ಬಂಡಿಗಾಲಿ ರಿಪೇರಿ ಮಾಡುವ ಶರೀಫಸಾಬ, ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡ ಲಾಲಮ್ಮ, ನಮ್ಮ ತಾಯಪ್ಪ, ಎಲ್ಲರೂ ತಮ್ಮ ಪಾದದ ಬಳಿಯೇ ಇದ್ದರು. ನಾನು ಎದುರು ದಂಡೆಯ ಮೇಲೆ ನಿಂತು, ಮೇಲೆ ಬನ್ನಿರೆಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಟೀಚರಮ್ಮನಿಗೆ ಮೀನು ನಡೆಯುವುದಿಲ್ಲ, ಅದಕ್ಕೇ ಹೊಟ್ಟೆಯುರಿ ಎಂದು ನಕ್ಕರು.

ಆಗ ಮನೆಯ ಹಿಂದೆ ತಿಮ್ಮವ್ವ ಕಾಣಿಸಿಕೊಂಡಳು. ತುಂಬಿಸಿದ ಬಿರುಕು ಬಾಯಿ ತೆರೆಯುತ್ತಿರುವುದನ್ನು ಅವಳು ಕಂಡಿದ್ದಳು. "ದಂಡಿ ಬೀಳಾಕತ್ತದ, ಮ್ಯಾಲ ಬರ್ರಿ!" ಎಂದು ಎಷ್ಟು ಕೂಗಿದರೂ ಯಾರೂ ತಲೆಯೆತ್ತಲಿಲ್ಲ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಅಂಚಿಗೇ ಬಂದು ನಿಂತು, "ಜೀಪ ಬಂತ್ರೋ! ಸಾಹೇಬ್ರ ಜೀಪ ಬಂತು!" ಎಂದು ಚೀರಿದಳು.

ಹಿಂದೊಮ್ಮೆ ಅದೇ ಜೀಪಿನವರು ಮೀನು ಹಿಡಿದವರ ಬುಟ್ಟಿ ಬಲೆಗಳನ್ನೆಲ್ಲ ಹೊತ್ತೊಯ್ದಿದ್ದರು. ಜನ ಎದ್ದುಬಿದ್ದು ಎದುರು ದಂಡೆಗೆ ಹತ್ತುವ ಪಾವಟಿಗೆಗಳ ಕಡೆ ಓಡಿದರು. ತಾಯಪ್ಪ ಮಾತ್ರ ಬುಟ್ಟಿಗೆಂದು ತಿರುಗಿದ. "ಆ ಮೀನಿಗಿ ಬೆಂಕಿ ಬೀಳ್ಲಿ, ಮೊದಲ ಓಡ್ರಿ!" ಎಂದು ಅವಳು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಪಾವಟಿಗೆ ಮುಟ್ಟಿದ್ದನೋ ಇಲ್ಲವೋ, ತಾವು ಹೊರಟಿರಿ. ಮನೆ, ಮಣ್ಣಿನ ಗುಡ್ಡೆ, ಆಡು, ಅಂಚಿನಲ್ಲಿ ನಿಂತ ತಿಮ್ಮವ್ವ, ಎಲ್ಲವನ್ನೂ ಹೊತ್ತುಕೊಂಡು ಕುಳಿತವರು ಜಾರುವಂತೆ ಜಾರಿದಿರಿ.

ಧೂಳೂ ಏಳಲಿಲ್ಲ, ತಾವು ಅಷ್ಟು ಒದ್ದೆಯಾಗಿದ್ದಿರಿ. ತಿಮ್ಮವ್ವ ಸೊಂಟದವರೆಗೆ ಹೂತುಹೋಗಿದ್ದಳು. ಮೇಲಿನಿಂದ ಇನ್ನೂ ಹೆಂಟೆ ಉದುರುತ್ತಿರುವಾಗಲೇ ಶರೀಫಸಾಬ ಹಿಂದಕ್ಕೆ ಓಡಿದ. "ಗುದ್ದಲಿ ಬ್ಯಾಡ್ರೋ, ಅಕಿ ಕಾಲಿಗಿ ಬೀಳ್ತದ, ಕೈಲೇ ತಗೀರಿ" ಎಂದ. ಮೀನಿನ ಬುಟ್ಟಿಗಳಲ್ಲೇ ಮಣ್ಣು ಹೊತ್ತು ಹಾಕಿದೆವು. ಎದುರು ದಂಡೆಯಿಂದ ಇಳಿದುಬಂದ ನಾನು ಅವಳ ಹೆಗಲನ್ನು ಹಿಡಿದುಕೊಂಡಿದ್ದೆ. ಅವಳು ಅಳಲಿಲ್ಲ. "ಎಲ್ಲಾರೂ ಅದಾರಿಲ್ಲೋ ನೋಡ್ರಿ ಮೊದಲ" ಎಂದಳು. ಎಲ್ಲರೂ ಇದ್ದರು. ತಾಯಪ್ಪ ತನ್ನ ರುಮಾಲನ್ನು ಬಿಚ್ಚಿ ಅವಳ ಮುಖದ ಮಣ್ಣು ಒರೆಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ಕುಳಿತಿದ್ದ. ಗುಲಬರ್ಗಾದ ದವಾಖಾನೆಯಲ್ಲಿ ಅವಳ ಮುರಿದ ಕಾಲು ಕೂಡಿತು, ಮೊಣಕಾಲು ಮಾತ್ರ ಇಂದಿಗೂ ಮಡಚುವುದಿಲ್ಲ.

ತಮ್ಮ ಈ ಸಾಹಸಕ್ಕೆ ಶಿಕ್ಷೆ ಯಾರಿಗಾಯಿತೆಂದು ತಿಳಿದರೆ ತಮಗೆ ಸಂತೋಷವಾಗಬಹುದು. ತಿಮ್ಮವ್ವನಿಗೆ ನೋಟೀಸು ಬಂತು. ಅವಳ ಅತ್ತೆಯ ಕಾಲದ ಮನೆ ನಿನ್ನೆ ಮೊನ್ನೆಯ ಕಾಲುವೆಯನ್ನು ಅತಿಕ್ರಮಿಸಿದೆಯಂತೆ, ಅವಳು ಪಾತ್ರೆ ತೊಳೆದ ನೀರಿನಿಂದಲೇ ದಂಡೆ ಸಡಿಲವಾಯಿತಂತೆ, ಜೊತೆಗೆ ಬಾರದ ಸರ್ಕಾರಿ ಜೀಪು ಬಂತೆಂದು ಸುಳ್ಳು ಹಬ್ಬಿಸಿದ್ದೂ ತಪ್ಪಂತೆ. ಭತ್ತದ ಗದ್ದೆಗಳ ನೀರನ್ನೆಲ್ಲ ತಡೆದುಕೊಂಡ ತಾವು ಒಂದು ಪಾತೇಲಿಯ ನೀರಿಗೆ ಸೋತಿರೆಂದರೆ ನಾವು ನಂಬಲೇಬೇಕು, ಏಕೆಂದರೆ ಸಹಿ ಮಾಡಿದವರು ಓದಿದವರು.

ಕೋಲೂರಿಕೊಂಡು ಅವಳು ನನ್ನೊಡನೆ ಕ್ಯಾಂಪಿಗೆ ಬಂದಳು. ಸಾಹೇಬರು ನಗುತ್ತಲೇ, "ನಾ ನೋಟೀಸ ಬಿಡ್ತೀನಿ, ನೀವು ದೂರು ಬಿಡ್ರಿ, ಮುಗದೋಯ್ತು" ಎಂದರು. ತಿಮ್ಮವ್ವ, "ನಮ್ಮ ಮನಿ ಮಣ್ಣಾಗ್ಯಾದ್ರಿ ಸಾಹೇಬ್ರ. ಬಾಯಿ ಇನ್ನಾ ಮಣ್ಣಾಗಿಲ್ಲ" ಎಂದು ಹೇಳಿ, ಕುರ್ಚಿಯನ್ನು ಯಾರೂ ತೋರಿಸದಿದ್ದರೂ ತಾನೇ ಎಳೆದುಕೊಂಡು ಕುಳಿತಳು. ನೋಟೀಸು ಆಮೇಲೆ ತಾನಾಗಿಯೇ ಜಾರಿಹೋಯಿತು, ದೂರು ಹಾಗೇ ಇದೆ. ಗಂಡ ಹೆಂಡತಿ ಈಗ ಶಾಲೆಯ ಹಳೆಯ ಉಗ್ರಾಣದಲ್ಲಿದ್ದಾರೆ. ಅವಳು ಪಾವಟಿಗೆ ಇಳಿಯುವಾಗ ನಮ್ಮ ಶಾಲೆಯ ಮಕ್ಕಳು ಕೈ ಹಿಡಿಯುತ್ತಾರೆ.

ಇನ್ನು ತಮ್ಮಲ್ಲಿ ವಿನಂತಿ. ತಮ್ಮನ್ನು ಮತ್ತೆ ಮೊದಲಿನಷ್ಟೇ ನೆಟ್ಟಗೆ ಕಡಿದು, ತಲೆಯ ಮೇಲೆ ಹೊಸ ಗುಡ್ಡೆ ಹಾಕಿದ್ದಾರೆ. ಆದ್ದರಿಂದ ತಾವು ದಯಮಾಡಿ ಎರೆಮಣ್ಣಾಗಿರುವುದನ್ನು ಬಿಟ್ಟು ಕರಿಕಲ್ಲಾಗಬೇಕು, ಮಳೆಗಾಲದಲ್ಲಿ ನೀರು ಕುಡಿಯುವ ಚಟವನ್ನು ನಿಲ್ಲಿಸಬೇಕು, ಜಾರಲೇಬೇಕೆನಿಸಿದರೆ ಸಾಹೇಬರ ಅನುಮತಿ ಪಡೆದು ಮೇಲ್ಮುಖವಾಗಿ ಜಾರಬೇಕು. ಇಷ್ಟು ಸಣ್ಣ ಉಪಕಾರ ತಮ್ಮಿಂದ ಆಗದಿದ್ದರೆ, ತಮ್ಮನ್ನು ಓರೆಯಾಗಿ ಕಡಿದು, ಭಾರ ಇಳಿಸಿ, ಒಳಗಿನ ನೀರು ಬಸಿಯಲು ದಾರಿ ಮಾಡುವ ದೊಡ್ಡ ತೊಂದರೆಯನ್ನು ಮನುಷ್ಯರೇ ತೆಗೆದುಕೊಳ್ಳಬೇಕಾದೀತು.

ತಮ್ಮ ಮೇಲೆ ಪೂರ್ಣ ವಿಶ್ವಾಸವಿದ್ದರೂ ತಮ್ಮ ಕೆಳಗೆ ನಿಲ್ಲಲು ಒಪ್ಪದ
ತಮ್ಮ ವಿಶ್ವಾಸಿ,
ಸೂಗಮ್ಮ

ತಾ.ಕ.: ತಮ್ಮ ಎದುರು ದಂಡೆಯ ಅಂಚಿನಲ್ಲಿ, ಕಾಲುವೆಯ ನೋಟ ಚೆನ್ನಾಗಿ ಕಾಣಲೆಂದು, ಸಾಹೇಬರ ವಿಶ್ರಾಂತಿಗೃಹಕ್ಕೆ ಬುನಾದಿ ತೋಡುತ್ತಿದ್ದಾರೆ. ಅಲ್ಲಿಯೂ ಉದ್ದಕ್ಕೆ ಒಂದು ಬಿರುಕು ಕಾಣಿಸಿದೆಯೆಂದು ನಾನು ಹೋಗಿ ಹೇಳಿದಾಗ, ಹೆಣ್ಣುಮಕ್ಕಳಿಗೆ ಎಲ್ಲ ಕಡೆಯೂ ಬಿರುಕೇ ಕಾಣುತ್ತದೆಂದು ಸಾಹೇಬರು ನಕ್ಕರು. ಕೆಲಸಕ್ಕೆ ಬಂದ ಕೂಲಿಯವರು ಮಾತ್ರ ನಗದೆ, ಮಧ್ಯಾಹ್ನದ ಬುತ್ತಿಯನ್ನು ದೂರದ ಬೇವಿನ ಗಿಡದ ಕೆಳಗೆ ಬಿಚ್ಚುತ್ತಿದ್ದಾರೆ.