ಮೂರು ಸಲ ಹೆರಿಗೆಗೆ ಹೋದ ನನ್ನ ಮಾವ

ಹೆರಿಗೆಗೆಂದು ಜೋಲಿಯಲ್ಲಿ ಮಲಗಿ ಆಸ್ಪತ್ರೆಗೆ ಹೋಗಿಬಂದ ಗಂಡಸು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿಗೆ ಒಬ್ಬನೇ. ಅವನು ನನ್ನ ಸೋದರಮಾವ! ಅದೂ ಒಂದು ಸಲವಲ್ಲ, ಮೂರು ಸಲ. ಲಾರಿಯದನ್ನೂ ಸೇರಿಸಿದರೆ ನಾಲ್ಕು. ಮೀಸೆಯನ್ನಾದರೂ ಬೋಳಿಸಿಕೊಂಡು ಹೋದನೇ ಎಂದರೆ ಅದೂ ಇಲ್ಲ. ನಗುವವರು ನಗಲಿ. ನಮ್ಮ ವಂಶದಲ್ಲಿ ಇಂಥ ಇನ್ನೊಬ್ಬ ಹುಟ್ಟಿಲ್ಲ ಎಂದು ನಾನಂತೂ ಈ ವಯಸ್ಸಿನಲ್ಲೂ ಎದೆ ತಟ್ಟಿಕೊಂಡು ಹೇಳುತ್ತೇನೆ.

ಮಾವ ಸಾಗರದಲ್ಲಿ ಆರೋಗ್ಯ ಇಲಾಖೆಯ ಒಂದು ಸಣ್ಣ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಯಾವ ಕೆಲಸಕ್ಕೆ ಎಷ್ಟು ಖರ್ಚಾದೀತೆಂದು ಅಂದಾಜುಪಟ್ಟಿ ತಯಾರಿಸುವುದು ಅವನ ಉದ್ಯೋಗ. ಸಂಜೆಯಾದರೆ ಉದ್ಯೋಗವನ್ನು ಆಫೀಸಿನ ಮೇಜಿನ ಮೇಲೆ ಬಿಟ್ಟು ಬರುವವರು ಲೋಕದಲ್ಲಿ ಇರುತ್ತಾರಂತೆ. ಮಾವ ಅದನ್ನು ಮದುವೆಮನೆಗೂ ಕರೆದುಕೊಂಡು ಹೋಗುತ್ತಿದ್ದ. ಪಂಕ್ತಿಯ ತುದಿಯಲ್ಲಿ ನಿಂತು ಕೂತವರ ಮುಖಗಳನ್ನೊಮ್ಮೆ ನೋಡುವನು. ಆಮೇಲೆ ಅಡಿಗೆಯವರ ಕಿವಿಯಲ್ಲಿ, ಇವರಲ್ಲಿ ಹನ್ನೊಂದು ಜನ ಹೋಳಿಗೆ ಬೇಡ ಎನ್ನುತ್ತಾರೆ, ಅದರಲ್ಲಿ ಒಂಬತ್ತು ಜನ ಇನ್ನೊಮ್ಮೆ ಕೇಳಿದರೆ ಹಾಕಿಸಿಕೊಳ್ಳುತ್ತಾರೆ ಎಂದು ಹೇಳುವನು. ಉಳಿದ ಇಬ್ಬರಿಗೆ? ಅವರಿಗೆ ಸಕ್ಕರೆ ಕಾಯಿಲೆ! ಒಂದು ಸಲವೂ ತಪ್ಪಿದ್ದಿಲ್ಲ.

ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಹುಡುಗಿ ಬಂದು ಕಾಫಿ ಕೊಟ್ಟಳು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಮಾವ ಮಾತ್ರ ಹಿತ್ತಲ ಬಾಗಿಲ ಕಡೆ ನೋಡುತ್ತಿದ್ದ. ಏನಾದರೂ ಕೇಳುವುದಿದೆಯೇ ಎಂದು ಹುಡುಗಿಯ ತಂದೆ ಕೇಳಿದರು. ಬಾವಿ ಅಷ್ಟು ದೂರ ಇದೆಯಲ್ಲ, ಇವರು ದಿನಕ್ಕೆ ಎಷ್ಟು ಕೊಡ ಹೊರುತ್ತಾರೆ ಎಂದ ನಮ್ಮ ಮಾವ! ನಲವತ್ತು ಎಂದಳು ಹುಡುಗಿ. ಮಾವ ಅಲ್ಲೇ ಬೆರಳು ಮಡಚಿ, ಹಾಗಾದರೆ ನೀವು ಕಳೆದ ಐದು ವರ್ಷದಲ್ಲಿ ನೀರು ಹೊತ್ತುಕೊಂಡೇ ಕಾಶಿಗೆ ಹೋಗಿ ಬಂದ ಹಾಗಾಯಿತು ಎಂದನಂತೆ. ಹುಡುಗಿಯ ಕಡೆಯವರು ಇವನಿಗೆ ತಲೆ ನೆಟ್ಟಗಿಲ್ಲವೆಂದು ತೀರ್ಮಾನಿಸಿದರು. ಹುಡುಗಿ ಮಾತ್ರ ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದಳು. ಅವಳೇ ನನ್ನ ಅತ್ತೆ. "ಹೊತ್ತ ನೀರು ಕುಡ್ದೋರು ಸಾವಿರ ಜನ ಇದ್ರು. ಹೊತ್ತದ್ದನ್ನ ಲೆಕ್ಕಕ್ಕೆ ತಗೊಂಡೋರು ಇವ್ರು ಒಬ್ರೇ" ಎಂದು ಅವಳು ಕೊನೆಯವರೆಗೂ ಹೇಳುತ್ತಿದ್ದಳು.

ಮಾವನಿಗೊಂದು ವ್ರತವಿತ್ತು. ತಾನು ಮಾಡಿ ನೋಡದೆ ಒಂದು ಅಂಕಿಯನ್ನೂ ಬರೆಯುತ್ತಿರಲಿಲ್ಲ. "ಕೂತು ಬರ್ದ ಅಂಕಿ ಕೂತೇ ಇರ್ತದೆ" ಎನ್ನುತ್ತಿದ್ದ. ಆಸ್ಪತ್ರೆಯ ಮಂಚಕ್ಕೆ ಅಂದಾಜು ಕೇಳಿದರೆ ಅದರ ಮೇಲೆ ಒಂದು ಮಧ್ಯಾಹ್ನ ಮಲಗೆದ್ದು ಬರೆಯುತ್ತಿದ್ದ. ಜ್ವರದ ಔಷಧಕ್ಕೆ ಕೇಳಿದಾಗ ಒಂದು ಶೀಸೆ ಮಿಕ್ಸ್ಚರ್ ಕುಡಿದು ನೋಡಿ ಎರಡು ದಿನ ರಜೆ ಹಾಕಿದ್ದ.

ಇಂಥವನ ಮೇಜಿಗೆ ಒಂದು ದಿನ ಸರ್ಕಾರದ ಸುತ್ತೋಲೆ ಬಂದು ಬಿತ್ತು. ಆಗಿನ್ನೂ ನಮ್ಮದು ಮೈಸೂರು ರಾಜ್ಯ, ಶರಾವತಿಗೆ ಅಣೆಕಟ್ಟು ಕಟ್ಟಿ ಹಿನ್ನೀರು ನಿಂತು ಎರಡು ವರ್ಷವಾಗಿತ್ತು. ಆರೋಗ್ಯದ ಕಾನೂನನ್ನು ತಿದ್ದುವ ಯೋಚನೆ ಇದೆ, ತಿದ್ದಿದರೆ ಪ್ರತಿ ಹಳ್ಳಿಗೂ ಕೈಗೆಟಕುವ ದೂರದಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ ಒಬ್ಬಳು ವಾಸವಿರಲೇಬೇಕಾಗುತ್ತದೆ, ಅದಕ್ಕೆ ಸರ್ಕಾರಕ್ಕೆ ಎಷ್ಟು ಖರ್ಚು ಬಂದೀತು ಎಂದು ಕೇಳಿದ್ದರು. ಮೂರು ತಾಲ್ಲೂಕಿನ ಅಂದಾಜು ಮಾವನ ಪಾಲಿಗೆ ಬಂತು.

ಅವನ ಆಫೀಸಿನ ಸಾಹೇಬರು ಒಳ್ಳೆಯವರೇ. ಅವಸರದವರು, ಅಷ್ಟೆ. ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದು, ಐದು ನರ್ಸಮ್ಮಂದಿರು ಸಾಕು, ಅಷ್ಟಕ್ಕೇ ಬರೆದುಬಿಡಿ, ಖರ್ಚು ಕಡಿಮೆ ತೋರಿಸಿದರೆ ಕಾನೂನು ಬೇಗ ಪಾಸಾಗುತ್ತದೆ ಎಂದರು. ಮಾವ ಒಂದು ನಿಮಿಷ ನಕ್ಷೆ ನೋಡಿದ. "ಕಡಿಮೆ ಬರೆದ್ರೆ ಕಾನೂನು ಬರ್ತದೆ ಸಾರ್. ನರ್ಸಮ್ಮ ಬರಲ್ಲ" ಎಂದ. ಆಮೇಲೆ ಕೈಗೆಟಕುವ ದೂರವೆಂದರೆ ಯಾರ ಕೈಗೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹದಿನೈದು ದಿನ ರಜೆ ಬರೆದುಕೊಟ್ಟು ಮನೆಗೆ ಬಂದ.

ನಾನಾಗ ಎಸ್ಸೆಸ್ಸೆಲ್ಸಿ ಪಾಸಾಗಿ, ಮದುವೆಗೆ ಕಾಯುತ್ತ ಮಾವನ ಮನೆಯಲ್ಲಿದ್ದೆ. ನನ್ನ ಅಕ್ಷರ ದುಂಡಗಿತ್ತೆಂದು ಅವನ ಪಟ್ಟಿಗಳ ಶುದ್ಧಪ್ರತಿ ಬರೆಯುವ ಕೆಲಸ ನನ್ನದು. ಆದ್ದರಿಂದ ಮುಂದೆ ಆದದ್ದಕ್ಕೆಲ್ಲ ನಾನೇ ಸಾಕ್ಷಿ.

ನಮ್ಮ ಕಡೆ ದಾರಿಯಿಲ್ಲದ ಹಳ್ಳಿಗಳಿಂದ ಬಸುರಿಯನ್ನು ತರುತ್ತಿದ್ದುದು ಜೋಲಿಯಲ್ಲಿ. ಕಂಬಳಿಯ ಎರಡು ತುದಿಯನ್ನು ಬಿದಿರಿನ ಗಳಕ್ಕೆ ಬಿಗಿದು, ಒಳಗೆ ಮಲಗಿಸಿ, ಇಬ್ಬರು ಹೊರಬೇಕು. ಹೆಗಲು ಬದಲಿಸಲು ಇನ್ನಿಬ್ಬರು ಜೊತೆಗೆ ನಡೆಯಬೇಕು. ಈ ಜೋಲಿ ಎಷ್ಟು ಹೊತ್ತಿಗೆ ಎಷ್ಟು ದೂರ ಹೋಗುತ್ತದೆಂದು ತಿಳಿಯದೆ ನರ್ಸಮ್ಮ ಎಲ್ಲಿರಬೇಕೆಂದು ಬರೆಯುವುದು ಹೇಗೆ? ಹಾಗಾಗಿ ಮಾವ ತಾನೇ ಬಸುರಿಯಾದ! ಮೈಕೈ ಸಣಕಲು, ತೂಕ ಸಾಲದೆಂದು ಒಂದು ದೊಡ್ಡ ಬೂದುಗುಂಬಳವನ್ನು ಹೊಟ್ಟೆಗೆ ಪಂಚೆಯಿಂದ ಬಿಗಿದುಕೊಂಡ.

ಮೊದಲ ಪ್ರಯಾಣ ಅರಳಸುರಳಿ ಕಡೆಯಿಂದ ತೀರ್ಥಹಳ್ಳಿಗೆ. ಹೊರುವವರಿಗೆ ವಿಷಯ ಗೊತ್ತಿತ್ತು, ದಾರಿಯವರಿಗೆ ಗೊತ್ತಿರಲಿಲ್ಲ. ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ಓಡಿಬಂದು ಹೆಗಲು ಕೊಟ್ಟರು. ಒಬ್ಬಳು ಅಜ್ಜಿ ಕಂಬಳಿಯ ಮೇಲಿಂದಲೇ ಹೊಟ್ಟೆ ಸವರಿ, ಗಂಡು ಮಗು, ಗಟ್ಟಿಯಾಗಿದೆ ಎಂದಳಂತೆ. ಮಾವ ಒಳಗೆ ಉಸಿರು ಬಿಗಿಹಿಡಿದು ಹೆಗಲು ಬದಲಿಸಿದ್ದನ್ನು ಎಣಿಸುತ್ತ ಮಲಗಿದ್ದ. ಆಸ್ಪತ್ರೆಯಲ್ಲಿ ಕಾಂಪೌಂಡರ್ ಗಾಬರಿಯಿಂದ ಕಂಬಳಿ ಸರಿಸಿದರೆ ಒಂದು ಕಡೆ ಮೀಸೆ, ಇನ್ನೊಂದು ಕಡೆ ಬೂದುಗುಂಬಳ! ಮಾವ ಎದ್ದು ಕೂತು ಗಡಿಯಾರ ನೋಡಿ, ಜೋಲಿ ಗೇಟಿಗೆ ಬಂದ ಮೇಲೆ ನೀವು ಇಲ್ಲಿಗೆ ಬರಲು ಏಳು ನಿಮಿಷ ತೆಗೆದುಕೊಂಡಿರಿ ಎಂದು ಬರೆದುಕೊಂಡ. ಅತ್ತೆಗೆ ಇದೆಲ್ಲ ತಿಳಿದಾಗ ಕೇಳಿದ್ದು ಒಂದೇ ಮಾತು, ಕುಂಬಳಕಾಯಿ ವಾಪಸು ತಂದಿರಾ ಎಂದು. ಮಾರನೆಯ ದಿನ ಅದರ ಹುಳಿ ಮಾಡಿದಳು. ನನಗೆ ಉಣ್ಣಲು ಮನಸ್ಸು ಬರಲಿಲ್ಲ.

ಎರಡನೆಯದು ಹುಲಿಕಲ್ಲಿನಿಂದ ಹೊಸನಗರಕ್ಕೆ. ಘಾಟಿ ರಸ್ತೆಗೆ ಬರುತ್ತಲೇ ಕರಾವಳಿಯಿಂದ ಬಂದ ಲಾರಿಯೊಂದು ನಿಂತಿತು. ಚಾಲಕ ಕೆಳಗಿಳಿದು, ಬಸುರಿ ಹೆಂಗಸನ್ನು ಹೀಗೆ ಕುಲುಕಿಸಿ ಕೊಲ್ಲುತ್ತೀರಾ ಎಂದು ಹೊರುವವರಿಗೆ ಬಾಯಿಗೆ ಬಂದಂತೆ ಬೈದ. ಅವರು ಬೇಡ ಬೇಡವೆಂದರೂ ಕೇಳದೆ ಜೋಲಿಯ ಸಮೇತ ಮಾವನನ್ನು ಲಾರಿಗೆ ಹಾಕಿ, ಅರ್ಧ ದಿನದ ದಾರಿಯನ್ನು ಒಂದು ಗಂಟೆಯಲ್ಲಿ ಮುಗಿಸಿಬಿಟ್ಟ. ಪುಣ್ಯಾತ್ಮ! ಮಾವ ಅವನಿಗೆ ಕೈಮುಗಿದು, ಮರುದಿನ ಹುಲಿಕಲ್ಲಿಗೆ ಹಿಂದಿರುಗಿ ಮತ್ತೆ ಮೊದಲಿನಿಂದ ಮಲಗಿದ. ಲಾರಿಯ ಹೊತ್ತನ್ನೇ ಬರೆದಿದ್ದರೆ ಆಗುತ್ತಿರಲಿಲ್ಲವೇ ಎಂದು ನಾನು ಕೇಳಿದೆ. "ಲಾರಿ ಸಿಕ್ಕಿದ್ದು ಅದೃಷ್ಟ ಮಾರಾಯ್ತಿ. ಅದೃಷ್ಟನ ಬಜೆಟ್ಟಲ್ಲಿ ತೋರ್ಸಕ್ಕೆ ಬರಲ್ಲ" ಎಂದ.

ಮೂರನೆಯದು ಸಿಗಂದೂರಿನ ಕಡೆಯಿಂದ ಸಾಗರಕ್ಕೆ. ನೀರು ತುಂಬಿ ಆ ಹಳ್ಳಿಗಳೆಲ್ಲ ಆಚೆ ದಡದವಾಗಿದ್ದವು. ಮೊದಲು ನಡೆದು ಬರುತ್ತಿದ್ದ ದಾರಿಯ ಮೇಲೆ ಈಗ ದೋಣಿ. ಅವತ್ತು ಗಾಳಿ ಜೋರಾಗಿ ದೋಣಿ ಬಿಡಲಿಲ್ಲ. ಮಾವ ದಡದಲ್ಲಿ, ಕಂಬಳಿಯೊಳಗೆ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮಲಗಿಯೇ ಕಾದ. ಎದ್ದು ಕೂರಿ ಎಂದು ಹೊರುವವರು ಎಷ್ಟು ಹೇಳಿದರೂ ಏಳಲಿಲ್ಲ. ನಿಜವಾದ ಬಸುರಿ ಏಳುತ್ತಾಳೆಯೇ ಎಂದು ಅವನ ವಾದ.

ಕಡೆಗೂ ದೋಣಿ ಬಂತು. ದಾಟಿದ ಮೇಲೆ ಮಾವ ದುಡ್ಡು ಕೊಡಲು ಹೋದರೆ ದೋಣಿಯವನು ತೆಗೆದುಕೊಳ್ಳಲಿಲ್ಲ. ಹೆರಿಗೆಗೆ ಹೋಗುವವರ ಹತ್ತಿರ ಅವನ ಮನೆತನದಲ್ಲಿ ಯಾರೂ ಕಾಸು ಮುಟ್ಟಿದವರಲ್ಲ. ತಾನು ಬಸುರಿಯಲ್ಲ, ಗುಮಾಸ್ತ, ಇದು ಸರ್ಕಾರದ ಲೆಕ್ಕ ಎಂದು ಮಾವ ಮೀಸೆ ತೋರಿಸಿದ. ಅದೆಲ್ಲ ತನಗೆ ಗೊತ್ತಿಲ್ಲ, ಜೋಲಿಯಲ್ಲಿ ಬಂದವರು ಬಸುರಿಯೇ ಎಂದ ಅವನು. ಇಬ್ಬರೂ ದಡದಲ್ಲಿ ನಿಂತು ಅರ್ಧ ಗಂಟೆ ಜಗಳವಾಡಿದರಂತೆ. ಕೊನೆಗೆ ದೋಣಿಯವನಿಗೆ ಬೇಸರ ಬಂದು, "ಆಯ್ತು ಮಾರಾಯಾ, ಹೆರಿಗೆ ಆದ್ಮೇಲೆ ಬಂದು ಕೊಡು" ಎಂದು ಹುಟ್ಟು ಹಾಕಿಕೊಂಡು ಹೊರಟೇಹೋದ.

ಈ ಕಥೆಗೆ ನಾನೂ ಅತ್ತೆಯೂ ಬಿದ್ದು ಬಿದ್ದು ನಕ್ಕೆವು. ಮಾವ ಮಾತ್ರ ನಗಲಿಲ್ಲ. ಮರುದಿನ ಊರೂರು ಸುತ್ತಲು ಹೊರಟ. ಒಂದು ವಾರ ಬಿಟ್ಟು ಬಂದು, ಪಟ್ಟಿಯನ್ನು ನನ್ನ ಮುಂದಿಟ್ಟ. ನರ್ಸಮ್ಮಂದಿರು ಐದಲ್ಲ, ಹದಿನೇಳು. ಸಂಬಳ, ಮನೆ, ಕೊಡೆ, ದೋಣಿಯ ಖರ್ಚು ಎಲ್ಲ ಇತ್ತು. ನರ್ಸಮ್ಮನ ಚೀಲದ ತೂಕವನ್ನೂ ಬರೆದಿದ್ದ. ಸಾಗರದ ಆಸ್ಪತ್ರೆಯಲ್ಲಿ ಕೇಳಿಕೊಂಡು, ಅಷ್ಟೇ ತೂಕದ ಕಲ್ಲು ಚೀಲಕ್ಕೆ ತುಂಬಿ ಘಾಟಿ ಹತ್ತಿ ನೋಡಿದ್ದನಂತೆ. ಅದಕ್ಕೆ ಒಂದು ಸೇರು ಜಾಸ್ತಿ ಸೇರಿಸಿದ್ದ. ಯಾಕೆಂದು ಕೇಳಿದರೆ, ಊಟದ ಡಬ್ಬಿ ಎಂದ. ಔಷಧ ಹೊರುವವಳಿಗೆ ಹಸಿವಾಗುವುದು ಇಲಾಖೆಗೆ ಹೊಳೆದಿರಲಿಲ್ಲ.

ಕೊನೆಯ ಹಾಳೆಯಲ್ಲಿ ನಮೂನೆಯಲ್ಲಿಲ್ಲದ ಒಂದು ಕಾಲಮ್ಮು ಎಳೆದಿದ್ದ. 'ಕಾನೂನು ಬದಲಾಗದಿದ್ದರೆ ಆಗುವ ಖರ್ಚು' ಎಂದು ತಲೆಬರಹ. ಕೆಳಗೆ ಅಂಕಿಗಳಿರಲಿಲ್ಲ, ಹೆಸರುಗಳಿದ್ದವು. ಹೆಸರಿನ ಮುಂದೆ, ಹೆರಿಗೆಗೆ ಹೊರಟ ಆ ಹೆಂಗಸು ಎಲ್ಲಿಯವರೆಗೆ ಬಂದಿದ್ದಳೆಂಬುದು. ಗಿಡ್ಡಮ್ಮ, ಹೊಳೆಯ ದಡದವರೆಗೆ. ದುಗ್ಗಮ್ಮ, ಘಾಟಿಯ ಎರಡನೇ ತಿರುವಿನವರೆಗೆ. ಬೈರಮ್ಮ, ಆಸ್ಪತ್ರೆಯ ಗೇಟಿನವರೆಗೆ. ಬರೆಯುತ್ತ ಬರೆಯುತ್ತ ಏಳನೆಯ ಹೆಸರಿಗೆ ನನ್ನ ಕೈ ನಿಂತಿತು. ಅದು ನನ್ನ ಅಜ್ಜಿಯ ಹೆಸರು. ಮಾವನ ತಾಯಿ. ಅವಳು ಜ್ವರದಲ್ಲಿ ಹೋದಳೆಂದು ನಮಗೆಲ್ಲ ಹೇಳಿದ್ದರು. ಮುಂದೆ, ಮನೆಯ ಅಂಗಳದವರೆಗೆ ಎಂದಿತ್ತು. ನಾನು ತಲೆಯೆತ್ತಿದೆ. ಮಾವ ಕಿಟಕಿಯ ಕಡೆ ತಿರುಗಿ, "ಬರಿ ಕೂಸೇ, ಶಾಯಿ ಒಣಗ್ತದೆ" ಎಂದ.

ಸಾಹೇಬರು ಆ ಹಾಳೆ ನೋಡಿ ಇದರಲ್ಲಿ ರೂಪಾಯಿ ಎಲ್ಲಿ ಎಂದು ಕೇಳಿದರಂತೆ. "ರೇಟು ಹುಡುಕ್ದೆ ಸಾರ್. ಯಾವ ಪುಸ್ತಕದಲ್ಲೂ ಇಲ್ಲ" ಎಂದನಂತೆ ಮಾವ. ಅವರು ಪೆನ್ನು ತೆಗೆದು ಊಟದ ಡಬ್ಬಿಯನ್ನು ಮಾತ್ರ ಹೊಡೆದುಹಾಕಿ, ಉಳಿದದ್ದಕ್ಕೆ ಹಾಗೇ ಸಹಿ ಹಾಕಿ ಕಳುಹಿಸಿದರು. ಒಳ್ಳೆಯವರೆಂದು ಆಗಲೇ ಹೇಳಿದೆನಲ್ಲ!

ನಾನು ಮದುವೆಗೆ ಕಾಯುವುದನ್ನು ಆ ತಿಂಗಳೇ ಬಿಟ್ಟೆ. ಶಿವಮೊಗ್ಗಕ್ಕೆ ಹೋಗಿ ಹೆರಿಗೆಯ ತರಬೇತಿಗೆ ಸೇರಿದೆ. ಮನೆಯಲ್ಲಿ ಗಲಾಟೆಯಾಯಿತು. ಮಾವ ನನ್ನ ಪರವಾಗಿ ನಿಂತ, ಅತ್ತೆ ಮಾವನಿಗಿಂತ ಮುಂದೆ ನಿಂತಳು. ತರಬೇತಿ ಮುಗಿಯುವ ಹೊತ್ತಿಗೆ ಸರ್ಕಾರದ ಆದೇಶವೂ ಬಂತು. ಹದಿನೇಳು ಕೇಳಿದ್ದಕ್ಕೆ ಏಳು. ಉಳಿದ ಹತ್ತಕ್ಕೆ ಮಾವ ನಿವೃತ್ತಿಯಾಗುವವರೆಗೂ ಅರ್ಜಿ ಬರೆಯುತ್ತಲೇ ಇದ್ದ. ಬಂದ ಏಳರಲ್ಲಿ ಒಂದು ಹಿನ್ನೀರಿನ ಆಚೆ ದಡದ್ದು. ಅಲ್ಲಿಗೆ ಯಾರೂ ಹೋಗಲು ಒಪ್ಪಲಿಲ್ಲ. ನಾನು ಕೇಳಿ ಹಾಕಿಸಿಕೊಂಡೆ.

ಕೆಲಸಕ್ಕೆ ಹಾಜರಾಗುವ ದಿನ ಮಾವ ದಡದವರೆಗೆ ಬಂದ. ನನ್ನ ಚೀಲವನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ಒಂದು ಸೇರು ಕಡಿಮೆ ಇದೆಯಲ್ಲ ಎಂದ. ಗಡಿಬಿಡಿಯಲ್ಲಿ ನಾನು ಊಟ ತಂದಿರಲಿಲ್ಲ. ಅವನು ಬಗಲಲ್ಲಿದ್ದ ಗಂಟಿನಿಂದ ಒಂದು ಡಬ್ಬಿ ತೆಗೆದು ಚೀಲಕ್ಕೆ ಇಟ್ಟ. ಅತ್ತೆ ಕಟ್ಟಿಕೊಟ್ಟ ಬುತ್ತಿ, ಇನ್ನೂ ಬಿಸಿಯಿತ್ತು.

ದೋಣಿ ಬಂತು. ಅದೇ ದೋಣಿಯವನು, ತಲೆ ಸ್ವಲ್ಪ ನೆರೆತಿತ್ತು. ಮಾವ ಜೇಬಿನಿಂದ ಚಿಲ್ಲರೆ ತೆಗೆದು ಅವನ ಮುಂದೆ ಕೈ ಚಾಚಿದ. ಅವನು ಮೀಸೆ ನೋಡಿ ಗುರುತು ಹಿಡಿದ.

"ಹೆರಿಗೆ ಆಯ್ತಾ ಮಾರಾಯಾ?"

"ಆಯ್ತು."

"ಎಂತ ಮಗು?"

ಮಾವ ಚೀಲ ಹೊತ್ತು ನಿಂತಿದ್ದ ನನ್ನ ತಲೆಯ ಮೇಲೆ ಕೈಯಿಟ್ಟ.

"ಹೆಣ್ಣು" ಎಂದ.

ದೋಣಿಯವನು ದುಡ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.