ಕಾಟಾದ ನಮೂನೆಗಳೂ ನಮ್ಮ ಮಾಲಕರೂ

ಜಮಖಂಡಿಯ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ನಗುವಂಥದ್ದು ಏನಾದರೂ ನಡೆಯದ ವಾರವಿಲ್ಲ; ನಡೆಯುವಾಗ ಮಾತ್ರ ಯಾರಿಗೂ ನಗು ಬರುವುದಿಲ್ಲ. ಕಬ್ಬಿನ ಗಾಡಿ ತೂಗುವ ಕಾಟಾಗಳಿಂದ ಸಕ್ಕರೆ ಕಾರ್ಖಾನೆಗೆ ತೂಕದ ಸಂದೇಶ ಮುಟ್ಟಿಸುವುದು ನಮ್ಮ ಕೆಲಸ. ಸಂದೇಶದಲ್ಲಿ ಏನೇನು ಇರಬೇಕೆಂಬ ನಮೂನೆಗೆ ಸ್ಕೀಮಾ ಎನ್ನುತ್ತಾರೆ, ಅವನ್ನೆಲ್ಲ ಇಡುವ ಜಾಗಕ್ಕೆ ಸ್ಕೀಮಾ ರಿಜಿಸ್ಟ್ರಿ. ಪೈಥಾನ್‌ನ ಒಂದು ಲೈಬ್ರರಿ ಹಿಡಿದು ನಾಲ್ಕು ಸಾಲು ಬರೆದರೆ ಸಾಕು, ನಮೂನೆ ಸೇರಿಸಬಹುದು, ತರಿಸಬಹುದು, ಅಳಿಸಬಹುದು. ಅಳಿಸುವ ಕತೆ ಕೊನೆಗೆ ಹೇಳುತ್ತೇನೆ.

ವಶೀಲಿ

ಮೊದಲ ನಮೂನೆ ಮಾಡಿಕೊಟ್ಟವರು ಹೊರಗಿನವರು. ಒಂದು ಟ್ರ್ಯಾಕ್ಟರಿಗೆ ಒಂದೇ ಟ್ರೇಲರ್ ಎಂದು ಬರೆದಿದ್ದರು. ಮುಧೋಳದ ಕಾಟಾ ಆಪರೇಟರ್ ಫೋನ್ ಮಾಡಿ, "ಒಂದ ಟ್ರೇಲರ್ ಜಗ್ಗೂ ಟ್ರ್ಯಾಕ್ಟರ್ ನಮ್ಮ ಕಡೆ ಯಾರ ಮನಿಯಾಗ ಐತ್ರಿ?" ಎಂದ. ಎರಡನೆಯ ಟ್ರೇಲರಿನ ಕಾಲಂ ಕಡ್ಡಾಯ ಎಂದು ಸೇರಿಸಿ ಕಳಿಸಿದೆ. ರಿಜಿಸ್ಟ್ರಿ ಒಪ್ಪಲಿಲ್ಲ. ಹಳೆಯ ಸಂದೇಶಗಳಲ್ಲಿ ಅದಿಲ್ಲ, ಹೊಂದಾಣಿಕೆ ಆಗುವುದಿಲ್ಲ ಎಂದಿತು.

ಮಾಲಕರು ಕಿಸೆಯಿಂದ ಫೋನ್ ತೆಗೆದರು. "ಯಾರ ಕೈಯಾಗ ಐತಿ ಹೇಳ್ರಿ, ವಶೀಲಿ ಹಚ್ಚತೀನಿ."

"ಯಾರ ಕೈಯಾಗೂ ಇಲ್ರಿ, ಅದು ಮಷೀನು."

ಎರಡನೆಯದು ಬರದಿದ್ದರೆ 'ಇಲ್ಲ' ಎಂದು ತಿಳಿ ಎಂದು ಒಂದು ಮಾತು ಸೇರಿಸಿದೆ, ಒಪ್ಪಿತು. ಎಲ್ಲರೂ ಉಸಿರು ಬಿಟ್ಟೆವು. ಮಾಲಕರಿಗೆ ಮಾತ್ರ ಬೇಸರ. "ಇಡೀ ತಾಲೂಕಿನಾಗ ನನ್ನ ಗುರ್ತು ಇರದಂವ ಇವನೊಬ್ಬನ ನೋಡ್ರಿ" ಎಂದರು.

ಬುತ್ತಿ

ತೇರದಾಳದಿಂದ ಬಸ್ಸಿಗೆ ಬರುವ ನಮ್ಮ ಸಹೋದ್ಯೋಗಿ ಹೊಸತರಲ್ಲಿ ಕೈ ಪಳಗಲೆಂದು 'ಬುತ್ತಿ' ಎಂಬ ನಮೂನೆ ಮಾಡಿ ರಿಜಿಸ್ಟ್ರಿಗೆ ಸೇರಿಸಿದ್ದಳು. ರೊಟ್ಟಿ ಕಡ್ಡಾಯ, ಪಲ್ಯ ಕಡ್ಡಾಯ, ಶೇಂಗಾ ಹಿಂಡಿ ಕಡ್ಡಾಯ. ಮೊಸರು ಇದ್ದರೆ ಇರಲಿ. ಕಾರ್ಖಾನೆಯ ಸಾಹೇಬರು ಕೆಲಸ ನೋಡಲು ಬಂದ ದಿನವೇ ಅದು ದೊಡ್ಡ ಪರದೆಯ ಮೇಲೆ ಬಂದು ಕುಳಿತಿತು. 

"ಇದೇನ್ರಿ?" ಎಂದರು ಸಾಹೇಬರು.

ಮಾಲಕರು ಕಣ್ಣು ಮಿಟುಕಿಸಲಿಲ್ಲ. "ಡ್ರೈವರ್ ಮಂದಿಗೆ ಅನುಕೂಲ ಆಗ್ಲಿ ಅಂತ ವಿಚಾರ ಮಾಡೀವ್ರಿ."

ಸಾಹೇಬರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಕೆಲಸ ಕೈತಪ್ಪಿತು ಎಂದೇ ನಾವು ತಿಳಿದೆವು. ಅವರು ತಲೆ ಎತ್ತಿ, "ಎಲ್ಲಾ ಛಲೋ ಐತಿ. ಮೊಸರು ಯಾಕ ಕಡ್ಡಾಯ ಮಾಡಿಲ್ಲ?" ಎಂದರು.

ಹಬ್ಬದ ಸ್ವಚ್ಛತೆ

ಮಹಾನವಮಿ ಹತ್ತಿರ ಬಂತು. "ಹಬ್ಬದ ಮುಂದ ಮನಿ ತೊಳೀತೀವಿ, ಹಾಸಿಗಿ ಒಗೀತೀವಿ. ಹಳೀ ನಮೂನಿ ಯಾಕ ಇಟಗೊಂಡ ಕುಂತೀರಿ? ಅಳಸ್ರಿ" ಎಂದು ಮಾಲಕರ ಅಪ್ಪಣೆಯಾಯಿತು.

ಲೈಬ್ರರಿಯಲ್ಲಿ ಅಳಿಸುವುದು ಎರಡು ಸಲ. ಮೊದಲ ಸಲ ನಮೂನೆ ಮರೆಗೆ ಸರಿಯುತ್ತದೆ, ಬೇಕಾದರೆ ಮರಳಿ ತರಬಹುದು. ಎರಡನೆಯ ಸಲ ಪೂರ್ತಿ ಹೋಗುತ್ತದೆ. ಅದರಲ್ಲಿ ಬಂದ ಸಂದೇಶ ಓದಲು ಆಮೇಲೆ ಕಾರ್ಖಾನೆಗೆ ಬರುವುದಿಲ್ಲ. ಕೆಲಸದ ಸಾಮಾನಿಗೆಲ್ಲ ಪೂಜೆ ಮಾಡುವ ಖಂಡೆಪೂಜೆಯ ಬೆಳಿಗ್ಗೆ ತೇರದಾಳದಾಕೆ ಆ ಕೆಲಸಕ್ಕೆ ಕುಳಿತಳು. ನಾನು ಪೂಜೆಗೆ ಕಬ್ಬಿನ ಜಲ್ಲೆ ತರಲು ಹೋದೆ. ತಿರುಗಿ ಬರುವಷ್ಟರಲ್ಲಿ ಮಾಲಕರ ಅವ್ವ ಕಂಬಳಿ ಹಾಸಿ, ಲ್ಯಾಪ್‌ಟಾಪ್‌ಗಳನ್ನು ಸಾಲಾಗಿ ತೆರೆದಿಟ್ಟು, ಹೂ ಏರಿಸಿ ಪೂಜೆ ಮುಗಿಸಿದ್ದರು. ಪರದೆಗಳೆಲ್ಲ ಕಪ್ಪಾಗಿದ್ದವು. ತೇರದಾಳದಾಕೆ ಊರಿಗೆ ಹೋಗಿಯಾಗಿತ್ತು.

ಆಗ ಮುಧೋಳದ ಆಪರೇಟರ್ ಫೋನ್ ಮಾಡಿದ. "ಹಳೀ ನಮೂನಿ ಅಳಸ್ತೀರಂತಲ್ರಿ, ನಮ್ಮ ಕಾಟಾಕ್ಕ ಹೊಸ ನಮೂನಿ ಇನ್ನೂ ಹಾಕಿಲ್ರಿ. ಹ್ವಾದ ವರ್ಷದ ರೈತರ ತೂಕ ಅಷ್ಟೂ ಹಳೀದರಾಗ ಅದಾವು."

 ಎರಡನೆಯ ಸಲ ಅಳಿಸಿದ್ದಾಳೋ ಇಲ್ಲವೋ? ಮಾಲಕರು ಲ್ಯಾಪ್‌ಟಾಪಿಗೆ ಕೈ ಚಾಚಿದರು.

"ಬನ್ನಿ ಕೊಡೂತನಕ ಕೈ ಹಚ್ಚಿದ್ರ ನೋಡ ಮತ್ತ!" ಎಂದರು ಅವ್ವ.

ಮಾಲಕರು ಕೈ ಹಿಂದೆ ತೆಗೆದುಕೊಂಡರು. ವಶೀಲಿಗೆ ಬಗ್ಗದ ಎರಡನೆಯವರು ಇವರು. ತೇರದಾಳದಾಕೆಗೆ ಫೋನ್ ಹಚ್ಚಿದರೆ ಅದು ಕಂಬಳಿಯ ಮೇಲೆಯೇ ರಿಂಗಾಯಿತು, ಚೆಂಡು ಹೂವಿನ ಕೆಳಗೆ. ಅದಕ್ಕೂ ಪೂಜೆಯಾಗಿತ್ತು.

ಮರುದಿನ, ದಸರೆಯ ಸಂಜೆಯವರೆಗೆ ಮಾಲಕರಿಗೂ ನನಗೂ ಹೋಳಿಗೆ ರುಚಿಸಲಿಲ್ಲ. ಆಕೆ ಬಂದಳು, ಎಲ್ಲರಿಗೂ ಬನ್ನಿ ಕೊಟ್ಟಳು, ಲ್ಯಾಪ್‌ಟಾಪ್ ಚಾಲೂ ಮಾಡಿದಳು. ಎರಡನೆಯ ಸಲ ಅಳಿಸುವ ಸಾಲು ಟೈಪಾಗಿ ನಿಂತಿತ್ತು, ಅಷ್ಟೇ.

"ಎಂಟರ್ ಒತ್ತಬೇಕು ಅನ್ನೂದ್ರಾಗ ಅಮ್ಮಾರು ಅದರ ಮ್ಯಾಲೆ ಕುಂಕುಮ ಹಚ್ಚಿಬಿಟ್ರು. ಪೂಜಿ ಆದದ್ದನ್ನ ಹೆಂಗ ಒತ್ತಲ್ರಿ?" ಎಂದಳು.

ಬೆರಳಿಗೆ ಕುಂಕುಮ ಮೆತ್ತಿಕೊಂಡೇ ಹಳೆಯ ನಮೂನೆಯನ್ನು ಮತ್ತೆ ಸೇರಿಸಿದಳು. ಅದು ತನ್ನ ಹಳೆಯ ನಂಬರಿನಲ್ಲಿಯೇ ಎದ್ದು ಬಂತು. ಜೀವ ಬಂದಂತಾಯಿತು. ಮಾಲಕರು ಅಲ್ಲೇ ಕಂಬಳಿಯ ಮೇಲೆ ಕುಳಿತುಬಿಟ್ಟರು.

"ಅವ್ವಾ, ಅಷ್ಟು ಕೀ ಬಿಟ್ಟು ಅದೊಂದಕ್ಕ ಯಾಕ ಕುಂಕುಮ ಹಚ್ಚಿದಿ?"

"ಸಣ್ಣಸಣ್ಣವು ಎಲ್ಲಾ ಒಂದ ಕಡೆ ಗದ್ದಲ ಮಾಡಿ ಕುಂತಿದ್ವು. ಇದೊಂದ ಬಲಕ್ಕ ಸರದು ದೊಡ್ಡದಾಗಿ ಕುಂತಿತ್ತು. ಮನಿ ಹಿರ್ಯಾ ಇದೇ ಇರಬೇಕು, ಇದನ್ನ ಕೇಳದ ಏನೂ ಮಾಡಂಗಿಲ್ಲೇನೋ ಅಂತ ಹಚ್ಚಿದ್ನಿ" ಎಂದರು ಅವ್ವ.