ಓನರಮ್ಮನ ದನಿ

ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಚೊಕ್ಕಟ ಮಾಡಲು ಹೋಗಬಾರದು ಎಂದು ದೊಡ್ಡವರು ಹೇಳಿದ್ದಾರೋ ಇಲ್ಲವೋ, ಹೇಳಬೇಕಿತ್ತು. ಹೇಳದ ಕಾರಣ ಸೌಂಡಪ್ಪ ಆ ಬೆಳಿಗ್ಗೆ ಇರಲಾರದೆ ಇರುವೆ ಬಿಟ್ಟುಕೊಂಡ.

ಹಾಡು ರೆಕಾರ್ಡ್ ಮಾಡಿ ತಿದ್ದುವುದು ಅವನ ಕಸುಬು. ತಿದ್ದುವ ಸಾಫ್ಟ್‌ವೇರಿಗೆ ಪ್ಲಗಿನ್ ಎಂಬ ಮರಿ ಸಾಫ್ಟ್‌ವೇರುಗಳನ್ನು ಜೋಡಿಸಬೇಕು. ಒಂದು ಗರಗರ ತೆಗೆಯುತ್ತದೆ, ಇನ್ನೊಂದು ದನಿಯನ್ನು ದುಂಡಗೆ ಮಾಡುತ್ತದೆ, ಮತ್ತೊಂದು ಬಚ್ಚಲಲ್ಲಿ ಹಾಡಿದವರನ್ನೂ ದೊಡ್ಡ ಸಭಾಂಗಣದಲ್ಲಿ ನಿಲ್ಲಿಸುತ್ತದೆ. ಪುಕ್ಕಟೆ ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡು ಸೌಂಡಪ್ಪನ ಕಂಪ್ಯೂಟರು ಅಟ್ಟದ ಹಾಗೆ ತುಂಬಿಹೋಗಿತ್ತು. ಅವನ್ನೆಲ್ಲ 'ಒಳ್ಳೆಯವು', 'ಪರವಾಗಿಲ್ಲ', 'ಯಾಕಾದರೂ ತಂದೆನೋ' ಎಂಬ ಫೋಲ್ಡರುಗಳಿಗೆ ಹಂಚಿದ. ನೀರಿನ ಪಂಪಿನ ಸದ್ದು ತೆಗೆಯುವ ಒಂದನ್ನಂತೂ, ಇನ್ನು ಇದರ ಹಂಗೇಕೆ ಎಂದು ಅಳಿಸಿಯೇ ಬಿಟ್ಟ. ಆಮೇಲೆ ಮನೆಯ ಓನರಮ್ಮ ಹಾಡಿಕೊಟ್ಟಿದ್ದ ಹಾಡು ತೆರೆದರೆ ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಪ್ಲಗಿನ್ನುಗಳ ನಕಲುಗಳನ್ನು ಮೊದಲಿದ್ದ ಜಾಗಕ್ಕೇ ತಂದು ಸುರಿದರೂ ಅಲುಗಾಡಲಿಲ್ಲ.

ಬೇರೆ ಯಾರ ಹಾಡಾಗಿದ್ದರೂ 'ನಾಳೆ ಬನ್ನಿ' ಎನ್ನಬಹುದಿತ್ತು. ಹೋದ ವರ್ಷದವರೆಗೆ ಸೌಂಡಪ್ಪ ಓನರಮ್ಮನ ಇದೇ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಪಂಪಿನ ಪಕ್ಕ ಕೂತು ದುಡಿಯುತ್ತಿದ್ದ. ಯಾರು ಎಷ್ಟು ಪ್ರೀತಿಯಿಂದ ಹಾಡಿದರೂ ನಡುವೆ ಪಂಪು ಗುರ್ರೆನ್ನುತ್ತಿತ್ತು. ನೋಡಲಾರದೆ ಓನರಮ್ಮ ಅದೇ ಬಾಡಿಗೆಗೆ ಮೇಲಿನ ನಿಶ್ಶಬ್ದ ಕೋಣೆಯ ಕೀಲಿ ಕೊಟ್ಟಿದ್ದರು. ಆ ಉಪಕಾರವನ್ನು ಸೌಂಡಪ್ಪ ಮರೆತಿರಲಿಲ್ಲ. ಈಗ ಅದೇ ಕೋಣೆಯನ್ನು ಪಕ್ಕದ ಟೈಲರಕ್ಕನೂ ಕೇಳುತ್ತಿದ್ದರು. "ಇವತ್ತು ಸಂಜೆ ನಮ್ಮ ಮಹಿಳಾ ಸಂಘದಲ್ಲಿ ನನ್ನ ಹಾಡು ಹಾಕ್ತಾರಂತೆ. ಅದು ಮುಗೀಲಿ, ಕೋಣೆ ಯಾರಿಗೆ ಅಂತ ಆಮೇಲೆ ಹೇಳ್ತೀನಿ," ಎಂದಿದ್ದರು ಓನರಮ್ಮ. ಹಾಡು ಗೆದ್ದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ಮತ್ತೆ ಪಂಪಿನ ಪಕ್ಕ.

"ಅಯ್ಯಯ್ಯೋ, ಕೆಟ್ಟೆ!" ಎಂದು ಸೌಂಡಪ್ಪ ಕೂಗಿದ್ದೇ ತಡ, ಎದುರುಮನೆಯ ರಿಟೈರ್ಡ್ ಲೈನ್‌ಮನ್ ತಾತ ಟೆಸ್ಟರ್ ಹಿಡಿದು ಮೆಟ್ಟಿಲೇರಿ ಬಂದರು.

"ಏನಪ್ಪಾ, ಶಾರ್ಟ್ ಆಯ್ತಾ?"

"ಕರೆಂಟಿಂದಲ್ಲ ತಾತ. ಪ್ಲಗಿನ್ ತೊಂದರೆ."

"ಯಾವುದಾದ್ರೇನು? ಮೊದಲು ಎಲ್ಲಾ ಫ್ಯೂಸೂ ಕಿತ್ತಿಡು. ಆಮೇಲೆ ಒಂದೊಂದೇ ಹಾಕು. ಯಾವುದು ಹಾಕಿದಾಗ ಢಮಾರ್ ಅನ್ನುತ್ತೋ ಅದೇ ಕಳ್ಳ."

ಮಾತು ಸರಿಯಾಗಿತ್ತು. ಸೌಂಡಪ್ಪ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿ, ಹಾಡು ತೆರೆಯುವ ಮೊದಲೇ ಪ್ಲಗಿನ್ನುಗಳನ್ನೆಲ್ಲ ಒಟ್ಟಿಗೆ ಆಫ್ ಮಾಡುವ ಕೆಂಪು ಗುಂಡಿ ಒತ್ತಿದ. ಹಾಡು ತಟ್ಟನೆ ತೆರೆಯಿತು.

"ತಾತಾ, ನೀವು ಮನುಷ್ಯರಲ್ಲ, ದೇವರು!" ಎಂದು ಅವರ ಕಾಲು ಹಿಡಿಯಲು ಹೋದ. ಖುಷಿಯಲ್ಲಿ ಒಂದೊಂದೇ ಹಾಕಿ ನೋಡುವ ಮಾತು ಇಬ್ಬರಿಗೂ ಮರೆತುಹೋಯಿತು.

ಪ್ಲಗಿನ್ನಿನ ಕಿಟಕಿಗಳನ್ನು ಪರದೆಯ ತುಂಬ ಹರಡಿಕೊಂಡು ಸೌಂಡಪ್ಪ ತಿದ್ದಲು ಕೂತ. ಹಾಡು ಕೇಳಿ ಟೈಲರಕ್ಕನೂ ಬಂದರು. ಕೋಣೆಯ ಮೇಲೆ ಕಣ್ಣಿದ್ದರೂ ಮನಸ್ಸು ಚಿನ್ನ.

"ಇಲ್ಲಿ ದನಿ ಲೂಸಾಯ್ತಲ್ಲೋ. ಸ್ವಲ್ಪ ಹಿಡಿಸು."

ಸೌಂಡಪ್ಪ ಒಂದು ಗುಂಡಿಯನ್ನು ಎಡಕ್ಕೆ ತಿರುಗಿಸಿದ.

"ಆಂ, ಈಗ ಫಿಟ್ಟಿಂಗ್ ಬಂತು ನೋಡು!"

"ವೋಲ್ಟೇಜ್ ಸಾಲದು," ಎಂದರು ತಾತ. ಇನ್ನೊಂದು ಗುಂಡಿ ಬಲಕ್ಕೆ ತಿರುಗಿತು. "ಹಾಂ, ಹತ್ತಿಕೊಳ್ತು!"

"ಜಾಸ್ತಿ ಆಯ್ತು ತಾತ, ಕಿವಿ ಚುಚ್ಚುತ್ತೆ."

"ನಿನ್ನ ಮಿಷನ್ ಸದ್ದು ಕೇಳಿ ಕೇಳಿ ನಿನ್ನ ಕಿವಿ ಹೋಗಿದೆ ಕಣಮ್ಮ."

ಜಗಳದ ಭರದಲ್ಲಿ ತಾತನ ಕಾಲಿಗೆ ವೈರು ಸಿಕ್ಕಿ ಕಂಪ್ಯೂಟರು ಆರಿತು. ತಿದ್ದಿದ್ದೆಲ್ಲ ಹೋಯಿತು. ಮತ್ತೆ ಕೆಂಪು ಗುಂಡಿ, ಮತ್ತೆ ಮೊದಲಿನಿಂದ ಎಡಕ್ಕೆ, ಬಲಕ್ಕೆ, ಲೂಸು, ಟೈಟು. ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಬೆವೆತಿದ್ದರು, ಹಾಡು ಮಾತ್ರ ಜೇನಾಗಿತ್ತು.

ಓನರಮ್ಮ ಬಂದು ಕೇಳಿದರು. ಕೇಳುತ್ತಾ ಅವರ ಕಣ್ಣು ತುಂಬಿತು.

"ಇದು ನಾನಾ? ಚಿಕ್ಕವಳಿದ್ದಾಗ ನಮ್ಮಣ್ಣ 'ತಗಡಿನ ದನಿ' ಅಂತ ಆಡಿಕೊಂಡಿದ್ದ. ಅವತ್ತು ಮುಚ್ಚಿದ ಬಾಯಿ ಇದು, ನಿನ್ನ ಯಂತ್ರ ನಂಬಿ ಈಗ ತೆರೆದೆ. ಇಂಥಾ ದನಿ ಮಾಡಿಕೊಟ್ಟೆಯಲ್ಲಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ!"

ಅವರೆಲ್ಲ ಹಾಡು ತೆಗೆದುಕೊಂಡು ಸಂಘಕ್ಕೆ ಹೋದರು. ಸೌಂಡಪ್ಪ ನೆಮ್ಮದಿಯಿಂದ ಯಂತ್ರ ಮುಚ್ಚಲು ಕೈ ಚಾಚಿದವನು ಹಾಗೇ ನಿಂತ. ಪರದೆಯ ಮೂಲೆಯಲ್ಲಿ ಆ ಕೆಂಪು ಗುಂಡಿ ಇನ್ನೂ ಉರಿಯುತ್ತಿತ್ತು. ಒಂದೇ ಒಂದು ಪ್ಲಗಿನ್ನೂ ಕೆಲಸ ಮಾಡಿರಲಿಲ್ಲ. ದಿನವಿಡೀ ಮೂವರೂ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಿದ್ದರು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗೆಂದುಕೊಂಡು ಕೂತಿರುವಾಗಲೇ ಕತ್ತಲಾಯಿತು, ಮೆಟ್ಟಿಲ ಮೇಲೆ ಸಡಗರ ಕೇಳಿತು.

"ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು ಕಣೋ! ಎಲ್ಲಾ ಈ ಹುಡುಗನ ಕೈಚಳಕ ಅಂದೆ. ನೀನಿಲ್ಲದಿದ್ರೆ ನನಗೆಲ್ಲಿ ದನಿ? ಇನ್ನು ಈ ಕೋಣೆ..." ಎಂದರು ಓನರಮ್ಮ. ಟೈಲರಕ್ಕನ ಮುಖ ಸಣ್ಣದಾಯಿತು.

ಸೌಂಡಪ್ಪನಿಗೆ ತಡೆಯಲಾಗಲಿಲ್ಲ. ಕೋಣೆ ಕೊಟ್ಟ ತಾಯಿ ತನಗೆ ದನಿಯೇ ಇಲ್ಲವೆಂದುಕೊಂಡು ಬಾಳುವುದೇ?

"ಅಮ್ಮಾ, ತಡೀರಿ. ನಾನೇನೂ ಮಾಡಿಲ್ಲ. ಎಲ್ಲಾ ಆಫ್ ಆಗಿತ್ತು."

"ಮತ್ತೆ ನಾನು ಹಿಡಿಸಿದ್ದು?" ಎಂದರು ಟೈಲರಕ್ಕ.

"ಅದೂ ಇಲ್ಲ ಅಕ್ಕ."

ತಾತ ಸೂರು ನೋಡತೊಡಗಿದರು.

"ಹಂಗಾದ್ರೆ ಆ ದನಿ... ನಂದೇನಾ?"

"ನಿಮ್ಮದೇ ಅಮ್ಮಾ. ಒಂದು ಚೂರೂ ಕಲಬೆರಕೆ ಇಲ್ಲ."

ಓನರಮ್ಮ ಅವನ ತಲೆಯ ಮೇಲೆ ಕೈಯಿಟ್ಟರು. "ನಿನ್ನ ಋಣ ಯಾವ ಜನ್ಮದಲ್ಲಿ ತೀರಿಸಲಪ್ಪಾ! ಸಂಘದವರೆಲ್ಲ ನಮಗೂ ಹಾಡು ಹೇಳಿಕೊಡಿ ಅಂತ ಗಂಟುಬಿದ್ರು. ದನಿ ಯಂತ್ರದ್ದು, ನಾನೇನು ಕಲಿಸಲಿ ಅಂತ ಒಲ್ಲೆ ಅಂದುಬಿಟ್ಟೆ, ಈ ಕೋಣೆ ನಿನಗೇ ಇರಲಿ ಅನ್ನೋಕೆ ಬಂದಿದ್ದೆ. ಈಗ ಧೈರ್ಯ ಬಂತು. ನಾಳೆಯಿಂದಲೇ ಪಾಠ!"

"ಬಹಳ ಸಂತೋಷ ಅಮ್ಮಾ. ಪಾಠ ಎಲ್ಲಿ?"

"ಇಲ್ಲೇ ಕಣೋ. ಇಷ್ಟು ನಿಶ್ಶಬ್ದದ ಕೋಣೆ ಇನ್ನೆಲ್ಲಿದೆ?"

ಮರುದಿನ ತಾತ ಮೆಟ್ಟಿಲ ಕೆಳಗಿನ ಗೂಡಿಗೆ ವೈರು ಎಳೆದುಕೊಟ್ಟರು. ತಮಗೂ ಕೋಣೆ ಸಿಗದ ಟೈಲರಕ್ಕ ಅವನಿಗೊಂದು ದಪ್ಪನೆಯ ಪರದೆ ಹೊಲಿದುಕೊಟ್ಟರು. ಮೇಲಿನಿಂದ ಓನರಮ್ಮನ ದನಿ ತೇಲಿಬಂತು. ಎಂಥ ಚೆಂದದ ದನಿ! ಹೇಳಿದ್ದು ಒಳ್ಳೆಯದೇ ಆಯಿತೆಂದು ಸೌಂಡಪ್ಪನ ಮನಸ್ಸು ತುಂಬಿತು.

ಅಷ್ಟರಲ್ಲಿ ಪಕ್ಕದ ಪಂಪು ಗುರ್ರೆಂದಿತು. ಆ ಸದ್ದು ತೆಗೆಯುವ ಪ್ಲಗಿನ್ನಿಗಾಗಿ ಅವನು ಫೋಲ್ಡರುಗಳನ್ನೆಲ್ಲ ತಡಕಿದ. ಮೂರನೆಯದನ್ನೂ ಮುಚ್ಚುವಾಗ, ನಿನ್ನೆ ಬೆಳಿಗ್ಗೆ ಅಳಿಸಿದ್ದು ನೆನಪಾಯಿತು.